ವಿಮೋಚನೆಯ ಬೆಲೆ: ಜಾನ್ ನ್ಯೂಟನ್ನನ ನಲವತ್ತು ವರ್ಷಗಳು

ಮತಗ್ರಂಥಗಳಲ್ಲಿ ನಾವು ಭಕ್ತಿಯಿಂದ ಉಚ್ಚರಿಸುವ ಶಬ್ದಗಳಲ್ಲಿ ಕೆಲವು ಸಂತೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಹುಟ್ಟಿ, ಅಲ್ಲಿ ಬಹುಕಾಲ ಬಳಕೆಯಾಗಿ, ಆಮೇಲೆ ಪೂಜ್ಯಸ್ಥಾನಕ್ಕೆ ಏರಿದಂಥವು. ಕ್ರೈಸ್ತಮತದ ‘ವಿಮೋಚನೆ’ ಎಂಬ ಶಬ್ದವು ಈ ವರ್ಗಕ್ಕೆ ಸೇರಿದ್ದು. ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ‘ಲೂತ್ರೋನ್’ ಎಂದರೆ ಯುದ್ಧದಲ್ಲಿ ಸೆರೆಸಿಕ್ಕವನನ್ನಾಗಲಿ, ಗುಲಾಮನನ್ನಾಗಲಿ ಬಿಡಿಸಿಕೊಳ್ಳುವುದಕ್ಕಾಗಿ ತೆರುವ ಹಣ. ಲ್ಯಾಟಿನಿನ ‘ರೆದೆಂಪ್ತಿಯೋ’ ಎಂಬುದಕ್ಕೂ ಮರಳಿ ಕೊಂಡುಕೊಳ್ಳುವುದೆಂದೇ ಮೂಲಾರ್ಥ. ಕನ್ನಡ ಬೈಬಲಿನಲ್ಲಿ ಇಂಥ ಸಂದರ್ಭದಲ್ಲಿ ‘ಈಡು’ ಎಂಬ ಅಚ್ಚಗನ್ನಡದ ಮಾತು ಬರುತ್ತದೆ. ನಮಗೆ ಪರಿಚಿತವಾದ ಮೋಕ್ಷದ ಭಾವನೆಯಲ್ಲಿ ಬಂಧವೂ ಉಂಟು, ಬಂಧವು ಕಳಚುವುದೂ ಉಂಟು. ಆದರೆ ಮಾರುವವನು, ಕೊಳ್ಳುವವನು, ಬೆಲೆ ಎಂಬ ಚಿತ್ರವು ಅಲ್ಲಿ ಮುಖ್ಯವಲ್ಲ. ಕ್ರೈಸ್ತರ ಶಬ್ದದ ಹಿಂದೆಯಾದರೋ ಗುಲಾಮರ ಸಂತೆಯೇ ನಿಂತಿದೆ. ಮನುಷ್ಯನು ಪಾಪಕ್ಕೆ ಮಾರಲ್ಪಟ್ಟ ದಾಸನು. ಕ್ರಿಸ್ತನು ತನ್ನ ಪ್ರಾಣವನ್ನೇ ಬೆಲೆಯಾಗಿ ತೆತ್ತು ಅವನನ್ನು ಬಿಡಿಸಿದನು ಎಂಬುದು ಆ ಉಪದೇಶದ ಸಾರ.

ಈ ಬಿಡುಗಡೆಯನ್ನು ಪಡೆಯುವ ದಾರಿ ಯಾವುದೆಂದರೆ ನಂಬಿಕೆ. ಹೀಬ್ರೂ ಭಾಷೆಯಲ್ಲಿ ನಂಬಿಕೆಗೆ ‘ಎಮೂನಾ’ ಎಂದು ಹೆಸರು. ಅದಕ್ಕೆ ಸ್ಥಿರತೆ, ಅಲುಗದಿರುವಿಕೆ ಎಂಬ ಅರ್ಥವೂ ಉಂಟು; ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಎಂಬ ಮಾತೂ ಅದೇ ಧಾತುವಿನಿಂದ ಬಂದಿದೆ. ಪೂರ್ಣಹೃದಯದಿಂದ ದೇವರಲ್ಲಿ ಭರವಸೆಯಿಡಬೇಕೆಂದು ಹಳೆಯ ಒಡಂಬಡಿಕೆಯು ವಿಧಿಸುತ್ತದೆ. ಆ ಭಾಷೆಯಲ್ಲಿ ಹೃದಯವೆಂದರೆ ಭಾವನೆಯ ನೆಲೆ ಮಾತ್ರವಲ್ಲ, ಬುದ್ಧಿಗೂ ಸಂಕಲ್ಪಕ್ಕೂ ಅದೇ ನೆಲೆ. ೧೬ನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು, ಮನುಷ್ಯನು ನೀತಿವಂತನೆನಿಸುವುದು ತನ್ನ ಕ್ರಿಯೆಗಳಿಂದಲ್ಲ, ನಂಬಿಕೆಯೊಂದರಿಂದಲೇ ಎಂದು ಪೌಲನ ಪತ್ರಿಕೆಗಳ ಆಧಾರದಿಂದ ಸಾರಿದನು. ಕ್ರಿಯೆಯಿಲ್ಲದ ನಂಬಿಕೆಯು ಸತ್ತದ್ದೆನ್ನುವ ಯಾಕೋಬನ ಪತ್ರಿಕೆಯನ್ನು ಅವನು ಅಷ್ಟಾಗಿ ಮನ್ನಿಸಲಿಲ್ಲ. ಆದರೂ ಯಾಕೋಬನ ಪ್ರಶ್ನೆಯು ಅಳಿಯಲಿಲ್ಲ. ಒಬ್ಬನ ನಂಬಿಕೆಯು ಪೂರ್ಣಹೃದಯದ್ದೋ ಅರೆಹೃದಯದ್ದೋ ಎಂಬುದನ್ನು ಯಾವುದರಿಂದ ತಿಳಿಯಬೇಕು? ಅವನ ಕಣ್ಣೀರಿನಿಂದಲೋ, ಅವನ ಹಾಡಿನಿಂದಲೋ, ಅವನ ಜೀವನೋಪಾಯದಿಂದಲೋ?

ಈ ಪ್ರಶ್ನೆಯನ್ನು ತರ್ಕದಿಂದ ಬಿಡಿಸುವುದು ಕಷ್ಟ. ಚರಿತ್ರೆಯಲ್ಲಿಯಾದರೋ ಅದನ್ನು ಒಬ್ಬ ಮನುಷ್ಯನ ಬಾಳಿನಲ್ಲಿ ಕಣ್ಣಾರೆ ಕಾಣಬಹುದಾಗಿದೆ. ಆತನು ಇಂಗ್ಲೆಂಡಿನ ಜಾನ್ ನ್ಯೂಟನ್. ಗುರುತ್ವಾಕರ್ಷಣದ ಐಸಾಕ್ ನ್ಯೂಟನ್ನನಿಗೂ ಈತನಿಗೂ ಸಂಬಂಧವಿಲ್ಲ. ‘ಅಮೇಜಿಂಗ್ ಗ್ರೇಸ್’ ಎಂಬ ಲೋಕಪ್ರಸಿದ್ಧ ಕೀರ್ತನೆಯನ್ನು ಬರೆದವನೀತನು. ಈತನ ವಿಷಯದಲ್ಲಿ ಒಂದು ಕಥೆಯು ಬಹಳವಾಗಿ ಹರಡಿದೆ: ಗುಲಾಮರನ್ನು ತುಂಬಿದ ಹಡಗಿನ ಕಪ್ತಾನನಾಗಿದ್ದಾಗ ಬಿರುಗಾಳಿಯಲ್ಲಿ ಸಿಕ್ಕಿ, ದೇವರನ್ನು ಮೊರೆಹೊಕ್ಕು, ಬದುಕಿ ಉಳಿದೊಡನೆ ಪಶ್ಚಾತ್ತಾಪಪಟ್ಟು ಹಡಗನ್ನು ಹಿಂದಿರುಗಿಸಿ ಆ ಗುಲಾಮರನ್ನೆಲ್ಲ ಬಿಟ್ಟುಬಿಟ್ಟನಂತೆ. ಕೇಳುವುದಕ್ಕೆ ಸೊಗಸಾದ ಕಥೆ, ಆದರೆ ನಿಜವಲ್ಲ. ನಿಜವಾಗಿ ನಡೆದದ್ದು ಇದಕ್ಕಿಂತ ಕಹಿಯಾದದ್ದು, ಮತ್ತು ನನ್ನ ಎಣಿಕೆಯಲ್ಲಿ ಇದಕ್ಕಿಂತ ಹೆಚ್ಚು ಬೋಧಪ್ರದವಾದದ್ದು.

ನ್ಯೂಟನ್ನನು ೧೭೨೫ರ ಜುಲೈ ೨೪ರಂದು ಲಂಡನ್ನಿನಲ್ಲಿ ಹುಟ್ಟಿದನು. ತಂದೆಯು ವರ್ತಕರ ಹಡಗಿನ ಕಪ್ತಾನನು. ತಾಯಿಯು ದೈವಭಕ್ತೆ, ಮಗನಿಗೆ ಏಳು ವರ್ಷ ತುಂಬುವ ಮೊದಲೇ ಕ್ಷಯರೋಗದಿಂದ ತೀರಿಕೊಂಡಳು. ಹುಡುಗನು ಹನ್ನೊಂದನೆಯ ವಯಸ್ಸಿನಲ್ಲಿಯೇ ತಂದೆಯೊಡನೆ ಸಮುದ್ರಕ್ಕೆ ಇಳಿದನು. ೧೭೪೪ರಲ್ಲಿ ನೌಕಾಬಲದವರು ಅವನನ್ನು ಬಲಾತ್ಕಾರದಿಂದ ಹಿಡಿದು ‘ಹಾರ್ವಿಚ್’ ಎಂಬ ಯುದ್ಧನೌಕೆಗೆ ಸೇರಿಸಿಕೊಂಡರು. ಅಲ್ಲಿಂದ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದು ಚಾಟಿಯೇಟು ತಿಂದನು. ಆಮೇಲೆ ಗುಲಾಮರ ವ್ಯಾಪಾರದ ಹಡಗೊಂದಕ್ಕೆ ಬದಲಾಗಿ ಪಶ್ಚಿಮ ಆಫ್ರಿಕದ ಕರಾವಳಿಯನ್ನು ಸೇರಿದನು. ಸಿಯೆರ್ರಾ ಲಿಯೋನಿನ ಸಮೀಪದ ಪ್ಲಾಂಟೇನ್ ದ್ವೀಪಗಳಲ್ಲಿ ಗುಲಾಮರ ವರ್ತಕನೊಬ್ಬನ ಬಳಿ ಸೇವೆಗೆ ನಿಂತು, ಜ್ವರದಿಂದಲೂ ಹಸಿವಿನಿಂದಲೂ ಬಳಲಿ, ಯಜಮಾನನಿಂದಲೂ ಯಜಮಾನಿಯಿಂದಲೂ ತಿರಸ್ಕೃತನಾಗಿ, ತಾನೇ ಗುಲಾಮನಂತೆ ಬಾಳಿದನು. ಆಗ ಸರಪಳಿಯಲ್ಲಿದ್ದ ಗುಲಾಮರು ತಮ್ಮ ಅಲ್ಪಾಹಾರದಲ್ಲಿಯೇ ಸ್ವಲ್ಪವನ್ನು ಉಳಿಸಿ ಗುಟ್ಟಾಗಿ ತಂದು ಅವನಿಗೆ ಕೊಡುತ್ತಿದ್ದರೆಂದು ಅವನೇ ಮುಂದೆ ಬರೆದಿದ್ದಾನೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ತಂದೆಯ ಕೋರಿಕೆಯಂತೆ ಅವನನ್ನು ಹುಡುಕಿಬಂದ ‘ಗ್ರೇಹೌಂಡ್’ ಎಂಬ ಹಡಗನ್ನೇರಿ ೧೭೪೮ರಲ್ಲಿ ಅವನು ಊರಿಗೆ ಹೊರಟನು. ಆ ಹೊತ್ತಿಗೆ ಅವನ ಬಾಯಲ್ಲಿ ದೇವದೂಷಣೆಯಲ್ಲದೆ ಬೇರೆ ಮಾತಿರಲಿಲ್ಲ. ನಾವಿಕರು ಕೂಡ ಕೇಳಿ ಹೇಸುವಷ್ಟು ಅದು ಹೆಚ್ಚಿತ್ತು. ಮಾರ್ಚ್ ೨೧ರಂದು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಘೋರವಾದ ಬಿರುಗಾಳಿಯೆದ್ದು ಹಡಗಿನ ಪಕ್ಕವನ್ನು ಒಡೆಯಿತು. ಜೇನುಮೇಣ, ಹಗುರವಾದ ಮರ ಮೊದಲಾದ ಸರಕು ಇದ್ದುದರಿಂದಲೇ ಅದು ಮುಳುಗದೆ ತೇಲಿತು. ನ್ಯೂಟನ್ನನು ದೇಹವನ್ನು ಹಗ್ಗದಿಂದ ಬಿಗಿದುಕೊಂಡು ನೀರೆತ್ತುವ ಯಂತ್ರವನ್ನು ತಿರುಗಿಸಿದನು. ಬಳಿಕ ಗಂಟೆಗಟ್ಟಲೆ ಚುಕ್ಕಾಣಿಯನ್ನು ಹಿಡಿದು ನಿಂತನು. ಆ ಆಪತ್ತಿನಲ್ಲಿ, ದೇವರು ಕರುಣಿಸಿದರೆ ಉಂಟು ಎಂಬರ್ಥದ ಒಂದು ಮಾತು ಅವನ ಬಾಯಿಂದ ತಾನಾಗಿ ಹೊರಟಿತು. ಹೊರಟ ಮೇಲೆ ಅವನಿಗೇ ಆಶ್ಚರ್ಯವಾಯಿತು. ಸುಮಾರು ನಾಲ್ಕು ವಾರ ಅನ್ನನೀರಿಗೆ ಕಷ್ಟಪಟ್ಟು ಐರ್ಲೆಂಡಿನ ಲಾಫ್ ಸ್ವಿಲಿ ಎಂಬ ಕೊಲ್ಲಿಯನ್ನು ಸೇರಿದರು. ಆ ಮಾರ್ಚ್ ೨೧ನ್ನು ನ್ಯೂಟನ್ನನು ಬದುಕಿರುವವರೆಗೂ ವ್ರತದ ದಿನವಾಗಿ ಆಚರಿಸಿದನು.

ಇಲ್ಲಿಗೆ ಕಥೆಯು ಮುಗಿಯುವುದಾಗಿದ್ದರೆ ಉಪದೇಶಕರಿಗೆ ಅನುಕೂಲವಾಗುತ್ತಿತ್ತು. ಆದರೆ ಚರಿತ್ರೆಯು ಉಪದೇಶಕರ ಅನುಕೂಲವನ್ನು ನೋಡುವುದಿಲ್ಲ. ಬಿರುಗಾಳಿಯಿಂದ ಪಾರಾದ ಮೇಲೆಯೇ ನ್ಯೂಟನ್ನನು ಗುಲಾಮರ ಹಡಗಿನ ಕಪ್ತಾನನಾದದ್ದು. ೧೭೫೦ರಲ್ಲಿ ತಾನು ಬಹುಕಾಲದಿಂದ ಪ್ರೀತಿಸಿದ್ದ ಮೇರಿ ಕ್ಯಾಟ್ಲೆಟ್ಟಳನ್ನು ಮದುವೆಯಾಗಿ, ಆ ವರ್ಷವೇ ‘ಡ್ಯೂಕ್ ಆಫ್ ಆರ್ಗೈಲ್’ ಎಂಬ ಹಡಗಿನಲ್ಲಿ ಹೊರಟನು. ಅನಂತರ ‘ಆಫ್ರಿಕನ್’ ಎಂಬ ಹಡಗಿನಲ್ಲಿ ಎರಡು ಸಲ ಹೋದನು. ಲಿವರ್‌ಪೂಲಿನಿಂದ ಸರಕು, ಆಫ್ರಿಕದಿಂದ ಮನುಷ್ಯರು, ವೆಸ್ಟ್ ಇಂಡೀಸಿನಿಂದ ಸಕ್ಕರೆ: ಇದು ಆ ವ್ಯಾಪಾರದ ತ್ರಿಕೋನ. ಇಂದಿನ ಚರಿತ್ರಕಾರರು ಹಡಗುಗಳ ದಾಖಲೆಗಳನ್ನು ಕೂಡಿಸಿ ಮಾಡಿರುವ ಲೆಕ್ಕದ ಪ್ರಕಾರ ಯೂರೋಪಿನವರ ಈ ವ್ಯಾಪಾರದಲ್ಲಿ ಒಟ್ಟು ಸುಮಾರು ೧ ಕೋಟಿ ೨೫ ಲಕ್ಷ ಆಫ್ರಿಕನ್ನರು ಹಡಗು ಹತ್ತಿದರು. ಅವರಲ್ಲಿ ಸುಮಾರು ೧೮ ಲಕ್ಷ ಮಂದಿ ಆಚೆಯ ದಡವನ್ನು ಕಾಣಲಿಲ್ಲ.

ಆ ಯಾತ್ರೆಗಳಲ್ಲಿ ನ್ಯೂಟನ್ನನು ಬರೆದಿಟ್ಟ ದಿನಚರಿಯು ೧೯೬೨ರಲ್ಲಿ ಅಚ್ಚಾಗಿದೆ. ಅದರಲ್ಲಿ ಸತ್ತ ಗುಲಾಮರು ಹೆಸರಿಲ್ಲದೆ ಬರಿಯ ಸಂಖ್ಯೆಗಳಾಗಿ ಬರುತ್ತಾರೆ. ೧೭೫೨ರಲ್ಲಿ, ಗುಲಾಮರು ದಂಗೆಯೇಳುವ ಸಂಚು ಹೂಡಿದ್ದಾರೆಂಬ ಅನುಮಾನವುಂಟಾದಾಗ, ಕೆಲವು ಹುಡುಗರಿಗೆ ಬೇಡಿ ಹಾಕಿಸಿ, ಹೆಬ್ಬೆರಳನ್ನು ಹಿಂಡುವ ತಿರುಪನ್ನು ಬಿಗಿಸಿ ನಿಜವನ್ನು ಹೊರಡಿಸಿದ ವಿಷಯವು ಯಾವ ಅಳುಕೂ ಇಲ್ಲದೆ ಅಲ್ಲಿ ದಾಖಲಾಗಿದೆ. ಅದೇ ಕಪ್ತಾನನು ಪ್ರತಿ ಭಾನುವಾರ ನಾವಿಕರನ್ನು ಕೂಡಿಸಿ ಪ್ರಾರ್ಥನೆ ಮಾಡಿಸುತ್ತಿದ್ದನು. ಹಡಗಿನ ಏಕಾಂತದಲ್ಲಿ ವೇದಪಠನವನ್ನು ಮಾಡುತ್ತಿದ್ದನು. ಹೆಂಡತಿಗೆ ದೈವಕೃಪೆಯನ್ನು ಕೊಂಡಾಡಿ ಕಾಗದಗಳನ್ನು ಬರೆಯುತ್ತಿದ್ದನು. ಪ್ರಾರ್ಥನೆಯ ಸ್ಥಳಕ್ಕೂ ಬೇಡಿಗಳ ಸ್ಥಳಕ್ಕೂ ನಡುವೆ ಇದ್ದದ್ದು ಒಂದು ಮರದ ಅಟ್ಟ ಮಾತ್ರ. ಹಿಂದೆ ತಮ್ಮ ತುತ್ತನ್ನು ತೆಗೆದು ಕೊಟ್ಟವರ ಜನವೇ ಈಗ ಆ ಅಟ್ಟದ ಕೆಳಗೆ ಇತ್ತು.

ಇದು ಕಪಟವೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಸುಲಭ. ಆದರೆ ಅವನ ಕಾಗದಗಳನ್ನು ಓದಿದರೆ ಕಪಟಿಯ ಧ್ವನಿಯು ಕೇಳಿಸುವುದಿಲ್ಲ. ಅವನು ದೇವರನ್ನು ನಂಬಿದ್ದನು, ಬಾಯಿಯನ್ನು ಶುದ್ಧಮಾಡಿಕೊಂಡನು, ಕಾಮವನ್ನೂ ಮದ್ಯವನ್ನೂ ತೊರೆದನು. ಪಾಪಗಳೆಂದು ಅವನು ಬರೆದುಕೊಂಡ ಪಟ್ಟಿಯಲ್ಲಿ ಅವನ ವೃತ್ತಿಯು ಸೇರಿರಲಿಲ್ಲ, ಅಷ್ಟೆ. ಅದಕ್ಕಿಂತಲೂ ವಿಚಿತ್ರವಾದದ್ದು, ದೇವರಲ್ಲಿ ಭರವಸೆಯಿಡಬೇಕೆಂಬ ಉಪದೇಶವೇ ಅವನ ಕಣ್ಣಿಗೆ ಪರೆಯಾದದ್ದು. ದೈವವು ತನ್ನನ್ನು ಯಾವ ಸ್ಥಾನದಲ್ಲಿ ಇರಿಸಿದೆಯೋ ಅದರಲ್ಲಿ ತೃಪ್ತನಾಗಿರುವುದೇ ಭರವಸೆಯೆಂದು ಅವನು ತಿಳಿದಿದ್ದನು. ಸರಪಳಿ, ಬೇಡಿ, ಕಾವಲುಗಳಿಂದ ಮನಸ್ಸಿಗೆ ಹೇಸಿಗೆಯಾಗುತ್ತಿತ್ತೆಂದೂ, ಇದಕ್ಕಿಂತ ಕರುಣೆಯುಳ್ಳ ಉದ್ಯೋಗವನ್ನು ಕೊಡೆಂದು ದೇವರನ್ನು ಬೇಡುತ್ತಿದ್ದೆನೆಂದೂ ಬರೆದಿದ್ದಾನೆ. ಆದರೆ ಅದು ಅಧರ್ಮವೆಂದು ಆಗ ತೋರಲಿಲ್ಲವೆಂದೂ ಒಪ್ಪಿಕೊಂಡಿದ್ದಾನೆ. ಕೊನೆಗೆ ೧೭೫೪ರಲ್ಲಿ ಅವನು ಸಮುದ್ರವನ್ನು ಬಿಟ್ಟದ್ದು ಆತ್ಮಸಾಕ್ಷಿಯ ಕರೆಯಿಂದಲ್ಲ. ಫಕ್ಕನೆ ಬಂದ ಮೂರ್ಛೆಯ ದೆಸೆಯಿಂದ, ವೈದ್ಯರ ಮಾತಿನಂತೆ.

ಕಾಲವೇ ಹಾಗಿತ್ತು, ಆಗ ಯಾರಿಗೂ ಅದು ತಪ್ಪೆಂದು ತೋರುತ್ತಿರಲಿಲ್ಲ ಎಂದು ಕೆಲವರು ಸಮಾಧಾನ ಹೇಳಬಹುದು. ಈ ಸಮಾಧಾನವು ಪರೀಕ್ಷೆಗೆ ನಿಲ್ಲುವುದಿಲ್ಲ. ನ್ಯೂಟನ್ನನು ಹಡಗನ್ನು ಬಿಟ್ಟ ೧೭೫೪ರಲ್ಲಿಯೇ ಅಮೆರಿಕದ ಕ್ವೇಕರ್ ಪಂಥದ ಜಾನ್ ವುಲ್ಮನ್ ಎಂಬ ದರ್ಜಿಯು ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತನಿಗೆ ತಕ್ಕದ್ದಲ್ಲವೆಂದು ಪುಸ್ತಕವನ್ನು ಅಚ್ಚುಹಾಕಿಸಿದನು. ಮೆಥಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು ೧೭೭೪ರಲ್ಲಿ ಅದೇ ಅಭಿಪ್ರಾಯವನ್ನು ಕಠಿನವಾದ ಮಾತುಗಳಲ್ಲಿ ಪ್ರಕಟಿಸಿದನು. ವುಲ್ಮನ್ ಓದಿದ ಗ್ರಂಥವೂ ನ್ಯೂಟನ್ನನು ಓದಿದ ಗ್ರಂಥವೂ ಒಂದೇ. ಕಾಲವು ಕುರುಡಾಗಿದ್ದಿತೆನ್ನುವುದಕ್ಕಿಂತ ಲಾಭವಿದ್ದ ಕಡೆಗೆ ಕಣ್ಣು ತಿರುಗಲಿಲ್ಲವೆನ್ನುವುದು ಹೆಚ್ಚು ಸರಿ.

ಲಿವರ್‌ಪೂಲಿನ ಬಂದರಿನಲ್ಲಿ ಕೆಲವು ವರ್ಷ ಸುಂಕದ ಅಧಿಕಾರಿಯಾಗಿದ್ದು, ತಾನೇ ಗ್ರೀಕ್ ಮತ್ತು ಹೀಬ್ರೂ ಭಾಷೆಗಳನ್ನು ಕಲಿತುಕೊಂಡು, ೧೭೬೪ರಲ್ಲಿ ನ್ಯೂಟನ್ನನು ದೀಕ್ಷೆ ಪಡೆದು ಓಲ್ನಿ ಎಂಬ ಬಡ ಊರಿನ ಪಾದ್ರಿಯಾದನು. ಅದೇ ವರ್ಷ ಅವನ ಆತ್ಮಚರಿತ್ರೆಯು ಪ್ರಕಟವಾಯಿತು. ೧೭೬೭ರಲ್ಲಿ ಕವಿ ವಿಲಿಯಂ ಕೂಪರನು ಆ ಊರಿಗೆ ಬಂದು ನೆಲಸಿದನು. ಇಬ್ಬರೂ ಸೇರಿ ರಚಿಸಿದ ೩೪೮ ಕೀರ್ತನೆಗಳು ೧೭೭೯ರಲ್ಲಿ ‘ಓಲ್ನಿ ಹಿಮ್ಸ್’ ಎಂಬ ಹೆಸರಿನಿಂದ ಅಚ್ಚಾದುವು. ೧೭೭೩ರ ಜನವರಿ ೧ರ ಉಪದೇಶಕ್ಕಾಗಿ ನ್ಯೂಟನ್ನನು ಬರೆದ ಕೀರ್ತನೆಯೇ ಇಂದು ಜಗತ್ತೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’. ಅದೇ ತಿಂಗಳಿನಲ್ಲಿ ಕೂಪರನ ಮನಸ್ಸು ಕುಸಿಯಿತು. ದೇವರು ತನ್ನನ್ನು ಎಂದೆಂದಿಗೂ ತಳ್ಳಿಬಿಟ್ಟನೆಂಬ ಭ್ರಮೆಯು ಹಿಡಿದು, ೧೮೦೦ರಲ್ಲಿ ಸಾಯುವವರೆಗೂ ಅವನು ಮತ್ತೆ ದೇವಾಲಯದ ಆರಾಧನೆಗೆ ಹೋಗಲಿಲ್ಲ. ನ್ಯೂಟನ್ನನು ಈ ರೋಗಿಯನ್ನು ತಿಂಗಳುಗಟ್ಟಲೆ ತನ್ನ ಮನೆಯಲ್ಲಿಟ್ಟುಕೊಂಡು ಸಹೋದರನಂತೆ ನೋಡಿಕೊಂಡನು; ಅವನ ಕರುಣೆಯು ನಿಜವಾದದ್ದೆಂಬುದಕ್ಕೆ ಇದೂ ಒಂದು ಸಾಕ್ಷಿ. ಆದರೆ ೧೭೮೫ರಲ್ಲಿ ‘ದಿ ಟಾಸ್ಕ್’ ಎಂಬ ಕಾವ್ಯದಲ್ಲಿ ಗುಲಾಮಗಿರಿಯನ್ನು ಬಹಿರಂಗವಾಗಿ ಖಂಡಿಸಿದವನು ರಕ್ಷಣೆಯ ಭರವಸೆಯನ್ನೇ ಕಳೆದುಕೊಂಡಿದ್ದ ಕೂಪರನು. ರಕ್ಷಣೆಯು ತನ್ನದೆಂದು ನೆಚ್ಚಿದ್ದ ನ್ಯೂಟನ್ನನು ಆಗಲೂ ಆ ವಿಷಯದಲ್ಲಿ ಜನರೆದುರಿಗೆ ಬಾಯಿ ತೆರೆದಿರಲಿಲ್ಲ. ನಂಬಿಕೆಯ ನಿಶ್ಚಯವೇ ಬೇರೆ, ನಂಬಿಕೆಯ ಫಲವೇ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದೊರೆಯಲಾರದು.

ವಿಮೋಚನೆಯ ಮಾತನ್ನು ಇದೇ ಕಾಲದಲ್ಲಿ ಸರಪಳಿಯ ಇನ್ನೊಂದು ಕೊನೆಯಿಂದ ಕಲಿತವನೊಬ್ಬನಿದ್ದನು. ಒಲೌದಾ ಎಕ್ವಿಯಾನೋ ಎಂಬಾತನು, ತಾನು ಆಫ್ರಿಕದ ಇಗ್ಬೋ ನಾಡಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಪಹೃತನಾಗಿ ಮಾರಲ್ಪಟ್ಟವನೆಂದು ತನ್ನ ಚರಿತ್ರೆಯಲ್ಲಿ ಬರೆದಿದ್ದಾನೆ. ವೆಸ್ಟ್ ಇಂಡೀಸಿನ ಮಾಂಟ್‌ಸೆರಾಟ್ ದ್ವೀಪದಲ್ಲಿ ಒಬ್ಬ ಕ್ವೇಕರ್ ವರ್ತಕನೇ ಅವನ ಒಡೆಯನಾಗಿದ್ದನು. ಚಿಲ್ಲರೆ ಸರಕನ್ನು ಮಾರಿ ಕಾಸಿಗೆ ಕಾಸು ಕೂಡಿಸಿ ೧೭೬೬ರಲ್ಲಿ ೪೦ ಪೌಂಡುಗಳನ್ನು ತೆತ್ತು ಅವನು ತನ್ನನ್ನು ತಾನೇ ಕೊಂಡುಕೊಂಡನು. ೧೭೭೪ರಲ್ಲಿ ಸ್ಪೇಯ್ನಿನ ಕಾಡಿಜ್ ರೇವಿನಲ್ಲಿ, ಹಡಗಿನ ಮೇಲೆ ವೇದವನ್ನು ಓದುತ್ತಿದ್ದಾಗ, ರಕ್ಷಣೆಯು ಪುಣ್ಯದಿಂದ ಗಳಿಸುವ ವಸ್ತುವಲ್ಲ, ದಾನವಾಗಿ ಬರುವುದು ಎಂಬ ಅರಿವು ಅವನಿಗೆ ಉಂಟಾಯಿತು. ತನ್ನ ಬೆಲೆಯನ್ನು ತಾನೇ ತೆತ್ತಿದ್ದವನಿಗೆ, ಇನ್ನೊಬ್ಬನು ತೆತ್ತ ಬೆಲೆಯೆಂಬ ಮಾತು ಎಷ್ಟು ಆಳವಾಗಿ ತಟ್ಟಿರಬೇಕು! ೧೭೮೯ರಲ್ಲಿ ಪ್ರಕಟವಾದ ಅವನ ಪುಸ್ತಕವು ಅವನ ಜೀವಿತಕಾಲದಲ್ಲಿಯೇ ಒಂಬತ್ತು ಮುದ್ರಣಗಳನ್ನು ಕಂಡಿತು. ಅವನಲ್ಲಿ ಆತ್ಮದ ಬಿಡುಗಡೆಯೂ ದೇಹದ ಬಿಡುಗಡೆಯೂ ಒಂದೇ ವಾಕ್ಯದ ಎರಡು ಪದಗಳಂತೆ ಕೂಡಿ ಬರುತ್ತವೆ; ಅವುಗಳನ್ನು ಬೇರ್ಪಡಿಸುವ ಸೌಕರ್ಯವು ಅವನಿಗೆ ಇರಲಿಲ್ಲ.

ನ್ಯೂಟನ್ನನ ಮೌನವು ಒಡೆಯುವ ಕಾಲವೂ ಬಂದಿತು. ೧೭೮೦ರಲ್ಲಿ ಅವನು ಲಂಡನ್ನಿನ ಸೇಂಟ್ ಮೇರಿ ವುಲ್‌ನಾತ್ ದೇವಾಲಯಕ್ಕೆ ಬಂದಿದ್ದನು. ೧೭೮೫ರ ಡಿಸೆಂಬರಿನಲ್ಲಿ ತರುಣನಾದ ಪಾರ್ಲಿಮೆಂಟಿನ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸನು ಮತಸಂಬಂಧವಾದ ತೊಳಲಾಟದಿಂದ ಗುಟ್ಟಾಗಿ ಅವನಲ್ಲಿಗೆ ಬಂದನು. ರಾಜಕಾರಣವನ್ನು ಬಿಟ್ಟು ದೇವರ ಸೇವೆಗೆ ನಿಲ್ಲಲೇ ಎಂಬುದು ಅವನ ಪ್ರಶ್ನೆ. ಬಿಡಬೇಡ, ಅಲ್ಲಿಯೇ ಇದ್ದು ಸೇವೆಮಾಡು ಎಂಬ ಅರ್ಥದಲ್ಲಿ ನ್ಯೂಟನ್ನನು ಸಲಹೆಯಿತ್ತನು. ೧೭೮೭ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವುದಕ್ಕಾಗಿ ಲಂಡನ್ನಿನಲ್ಲಿ ಒಂದು ಸಮಿತಿಯು ಸ್ಥಾಪಿತವಾಯಿತು. ಮರುವರ್ಷ, ಅಂದರೆ ೧೭೮೮ರಲ್ಲಿ, ಬಿರುಗಾಳಿಯಿಂದ ಪಾರಾಗಿ ಸರಿಯಾಗಿ ನಲವತ್ತು ವರ್ಷಗಳಾದ ಮೇಲೆ, ನ್ಯೂಟನ್ನನು ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತ ತನ್ನ ಕಿರುಹೊತ್ತಗೆಯನ್ನು ಪ್ರಕಟಿಸಿದನು. ಸಮಿತಿಯವರು ಅದರ ಪ್ರತಿಗಳನ್ನು ಪಾರ್ಲಿಮೆಂಟಿನ ಎರಡು ಸಭೆಗಳ ಸದಸ್ಯರಿಗೂ ಹಂಚಿದರು. ಅದರಲ್ಲಿ ಅವನು ತನ್ನನ್ನು ಮರೆಮಾಡಿಕೊಳ್ಳಲಿಲ್ಲ: ತನ್ನ ಒಪ್ಪಿಗೆಯು ತಡವಾಗಿ ಬಂದದ್ದೆಂದೂ, ಆ ವೃತ್ತಿಯಲ್ಲಿ ತಾನೂ ಕೈಯಿಟ್ಟಿದ್ದನ್ನು ನೆನೆದು ತಲೆ ತಗ್ಗಿಸುತ್ತೇನೆಂದೂ ಹೇಳಿ, ಹಡಗಿನ ಕೆಳಗೆ ನಡೆಯುವುದನ್ನು ಕಂಡವನಂತೆ ಬರೆದನು. ಮುಂದೆ ಪ್ರಿವಿ ಕೌನ್ಸಿಲಿನ ಎದುರಿಗೂ, ೧೭೯೦ರಲ್ಲಿ ಸಾಮಾನ್ಯಸಭೆಯ ಸಮಿತಿಯ ಎದುರಿಗೂ ಸಾಕ್ಷ್ಯ ನುಡಿದನು. ಗೌರವಸ್ಥನಾದ ಮುದಿ ಪಾದ್ರಿಯೊಬ್ಬನು ತಾನೇ ಮಾಡಿದ ಕ್ರೌರ್ಯವನ್ನು ವಿವರಿಸಿದಾಗ, ವರ್ತಕರ ಪರವಾದ ವಕೀಲರಿಗೆ ಅದನ್ನು ಕಟ್ಟುಕಥೆಯೆನ್ನಲು ದಾರಿಯಿರಲಿಲ್ಲ.

೧೭೪೮ರ ಬಿರುಗಾಳಿಯಲ್ಲಿ ಉಂಟಾದದ್ದು ಪೂರ್ಣವಾದ ನಂಬಿಕೆಯೇ? ನ್ಯೂಟನ್ನನೇ ಅಲ್ಲವೆಂದಿದ್ದಾನೆ. ಆ ದಿನದಿಂದ ಬಹುಕಾಲದವರೆಗೆ, ವಿಶ್ವಾಸಿಯೆಂಬ ಶಬ್ದದ ಪೂರ್ಣಾರ್ಥದಲ್ಲಿ ತಾನು ವಿಶ್ವಾಸಿಯಾಗಿರಲಿಲ್ಲವೆಂದು ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿದ್ದಾನೆ. ಹಾಗೆಂದು ಆ ದಿನದ ಮೊರೆಯು ಸುಳ್ಳೆಂದೂ ಹೇಳಲಾಗದು. ಅದಿಲ್ಲದಿದ್ದರೆ ೧೭೮೮ರ ಸಾಕ್ಷಿಯು ಇರುತ್ತಿರಲಿಲ್ಲ. ಪೂರ್ಣಹೃದಯವೆಂಬುದು ಕ್ಷಣಮಾತ್ರದಲ್ಲಿ ಕೈಸೇರುವ ಸಂಪತ್ತಲ್ಲವೆಂದು ಈ ಚರಿತ್ರೆಯಿಂದ ತಿಳಿದುಬರುತ್ತದೆ. ನಂಬಿಕೆಯು ಮೊದಲು ಮನುಷ್ಯನ ಭಯವನ್ನು ಗೆಲ್ಲುತ್ತದೆ, ಆಮೇಲೆ ಅವನ ನಾಲಗೆಯನ್ನು ಗೆಲ್ಲುತ್ತದೆ. ಅವನ ಹಣದ ಚೀಲವನ್ನೂ ಮಾನದ ಪೆಟ್ಟಿಗೆಯನ್ನೂ ಮುಟ್ಟುವುದು ಎಲ್ಲಕ್ಕಿಂತ ಕಡೆಯಲ್ಲಿ. ಅಷ್ಟರೊಳಗೆ ಆ ವಿಳಂಬದ ಬೆಲೆಯನ್ನು ತೆರುವವರು ಬೇರೆಯವರಾಗಿರುತ್ತಾರೆ. ನ್ಯೂಟನ್ನನು ಮೂರು ಯಾತ್ರೆಗಳಲ್ಲಿ ಮಾರಿದವರ ಪಾಲಿಗೆ ಅವನ ಪಶ್ಚಾತ್ತಾಪವು ಬಹಳ ತಡವಾಗಿ ಬಂದಿತು. ಅವನ ಕೀರ್ತನೆಯನ್ನು ಹಾಡುವವರು ಈ ಸಾಲವನ್ನು ಮರೆಯಬಾರದು.

೧೮೦೭ರ ಮಾರ್ಚ್ ೨೫ರಂದು ಬ್ರಿಟಿಷ್ ಹಡಗುಗಳ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾನೂನಿಗೆ ರಾಜಮುದ್ರೆ ಬಿದ್ದಿತು. ಕಣ್ಣು ಮಸಳಿಸಿ ಕಿವಿ ಮಂದವಾಗಿದ್ದ ನ್ಯೂಟನ್ನನು ಆ ದಿನವನ್ನು ಕಾಣುವಷ್ಟು ಕಾಲ ಬದುಕಿದ್ದು, ಅದೇ ವರ್ಷದ ಡಿಸೆಂಬರ್ ೨೧ರಂದು ತೀರಿಕೊಂಡನು. ಗುಲಾಮಗಿರಿಯನ್ನೇ ತೊಡೆದುಹಾಕುವ ೧೮೩೩ರ ಕಾನೂನು ೧೮೩೪ರ ಆಗಸ್ಟ್ ೧ರಿಂದ ಜಾರಿಗೆ ಬಂದಿತು. ಆಗ ಬ್ರಿಟಿಷ್ ಸರಕಾರವು ೨ ಕೋಟಿ ಪೌಂಡುಗಳನ್ನು ತೆತ್ತಿತು. ತೆತ್ತದ್ದು ಗುಲಾಮರಿಗಲ್ಲ, ಒಡೆಯರಿಗೆ. ವಿಮೋಚನೆಯೆಂಬ ಶಬ್ದದ ಹಳೆಯ ಸಂತೆಯರ್ಥವು ಅಲ್ಲಿ ಅಕ್ಷರಶಃ ನಡೆದುಹೋಯಿತು.

ಈ ಕಾನೂನಿನಿಂದ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ನಾಡುಗಳು ಹೊರಗುಳಿದವು. ಆದುದರಿಂದ ನಮ್ಮ ನಾಡಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ೧೮೦೦–೧೮೦೧ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ಗ್ರಂಥವು ಅದೇ ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕರಾವಳಿಯ ಗದ್ದೆಗಳಲ್ಲಿ ದುಡಿಯುತ್ತ, ಕೊಳ್ಳುಕೊಡುಗೆಗೆ ಒಳಗಾಗಿದ್ದ ಆಳುಗಳ ವೃತ್ತಾಂತವು ಅದರಲ್ಲಿದೆ. ೧೮೩೪ರ ಅಕ್ಟೋಬರಿನಲ್ಲಿ ಬಾಸೆಲ್ ಮಿಶನ್ನಿನ ಉಪದೇಶಕರು ಮಂಗಳೂರಿಗೆ ಬಂದು ವಿಮೋಚನೆಯನ್ನು ಬೋಧಿಸತೊಡಗಿದಾಗ, ಆ ಶಬ್ದವನ್ನು ಕೇಳಿದ ಕೆಲವರಿಗೆ ಅದು ಉಪಮಾನವಾಗಿ ತೋರಿರಲಾರದು. ಗುಲಾಮರ ಮೇಲಿನ ಸ್ವಾಮ್ಯವನ್ನು ನ್ಯಾಯಸ್ಥಾನಗಳು ಮನ್ನಿಸಬಾರದೆಂಬ ಶಾಸನವು ಕಂಪನಿಯ ನಾಡುಗಳಲ್ಲಿ ೧೮೪೩ರಲ್ಲಿ ಬಂದಿತು. ಸಾಲಕ್ಕೆ ದೇಹವನ್ನೇ ಈಡಿಡುವ ಜೀತಪದ್ಧತಿಯನ್ನು ತೊಡೆದುಹಾಕುವ ಕಾನೂನಿಗಾಗಿ ದೇಶವು ೧೯೭೬ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಎಷ್ಟು ಮಠ, ಮಂದಿರ, ಮಸೀದಿ, ಇಗರ್ಜಿಗಳಲ್ಲಿ ಎಷ್ಟು ಮಂದಿ ಒಡೆಯರು ಕಣ್ಣೀರಿಟ್ಟು ದೇವರನ್ನು ನೆನೆದಿದ್ದಾರು! ಅವರ ಭಕ್ತಿಯೂ ಸುಳ್ಳಾಗಿರಲಿಲ್ಲ.

ದೇವರಲ್ಲಿ ಪೂರ್ಣಹೃದಯದಿಂದ ನೆಚ್ಚಿಕೆಯಿಡುವುದೆಂದರೆ ಆಪತ್ಕಾಲದಲ್ಲಿ ಕೈಯೆತ್ತುವುದಷ್ಟೇ ಅಲ್ಲ. ಆಪತ್ತು ಕಳೆದ ಮೇಲೆ, ಅನ್ನ ತರುವ ಕೈಯನ್ನೂ ಬೆಳಕಿಗೆ ಹಿಡಿದು ನೋಡಿಕೊಳ್ಳುವ ಧೈರ್ಯವೂ ಅದರಲ್ಲಿ ಅಡಗಿದೆ. ಜೀವನೋಪಾಯವು ಹೋದರೂ ದೇವರು ಕೈಬಿಡನೆಂಬ ಭರವಸೆಯಿಲ್ಲದವನಿಗೆ ಆ ಧೈರ್ಯವು ಬಾರದು. ವುಲ್ಮನ್ನನಿಗೆ ಅದು ಯೌವನದಲ್ಲಿಯೇ ಬಂದಿತು. ನ್ಯೂಟನ್ನನಿಗೆ ಬರುವುದಕ್ಕೆ ನಲವತ್ತು ವರ್ಷ ಹಿಡಿಯಿತು. ತಡವಾಗಿ ಬಂದರೂ ಅದು ಬಂದಿತೆಂಬುದು ಅವನ ಕೀರ್ತಿ. ಬರುವುದರೊಳಗೆ ಮೂರು ಹಡಗುಗಳು ತುಂಬಿ ಹೋದವೆಂಬುದು ಅವನ ಚರಿತ್ರೆ. ಎರಡನ್ನೂ ಒಟ್ಟಿಗೆ ಓದುವವರಿಗೆ ವಿಮೋಚನೆಯೆಂಬ ಶಬ್ದದ ತೂಕವು ತಿಳಿಯುತ್ತದೆ.